ಕುರ್ಚಿಯ ಮೇಲೆ ಕೂತ ಗೌರಿ

ಮೂವತ್ತೆರಡಕ್ಕೆ ನಿವೃತ್ತಿ ಎಂದರೆ ಎಲ್ಲರೂ ನಗುತ್ತಾರೆ. ನಗಲಿ. ಏಳು ವರ್ಷ ಒಂದೇ ಮೇಜಿನಲ್ಲಿ ಕೂತು ಒಂದೇ ಬಗೆಯ ಕೆಲಸ ಮಾಡಿ, ಇನ್ನು ಮಾಡುವುದಿಲ್ಲವೆಂದು ಎದ್ದು ಬಂದವಳಿಗೆ ಬೇರೆ ಪದ ಸಿಗುತ್ತಿಲ್ಲ. ಬಿಟ್ಟದ್ದಕ್ಕೆ ಕಾರಣವಿದೆ, ಅದು ನನ್ನದು, ಇಲ್ಲಿ ಬೇಕಿಲ್ಲ. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು, "ಮೇಡಂ, ಈ ಕೆಲಸದಲ್ಲಿ ನಿಜವಾಗಿ ಏನಿರುತ್ತೆ?" ಎಂದು ಕೇಳಿದ್ದರು. "ನಿಧಾನಕ್ಕೆ ಗೊತ್ತಾಗುತ್ತೆ" ಎಂದು ಹೇಳಿ ಬಂದೆ. ಅದು ಸೋಮಾರಿಯ ಉತ್ತರ. ಕೊಡಬೇಕಾಗಿದ್ದ ಉತ್ತರ ಇದು.

ನಮ್ಮದು ಚೆನ್ನೈನ ಪೆರುಂಗುಡಿಯ ಒಂದು ಸಣ್ಣ ಕಂಪನಿ. ಸುತ್ತಲೂ ಗಾಜಿನ ಐಟಿ ಕಟ್ಟಡಗಳು. ಅವುಗಳ ನಡುವೆ ನಮ್ಮ ಮಹಡಿಯಿಂದ ಮಾತ್ರ ಕರ್ಪೂರದ ವಾಸನೆ ಬರುತ್ತಿತ್ತು. ಊರು ಬಿಟ್ಟು ಬಂದ ಕುಟುಂಬಗಳಿಗೆ ಹಬ್ಬದ ಸಾಮಾನನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸುವುದು ಕಂಪನಿಯ ವ್ಯವಹಾರ. ಒಂದೊಂದು ಭಾಷೆಗೆ ಒಬ್ಬೊಬ್ಬರು. ಕನ್ನಡದ ಮೇಜು ನನ್ನದು. ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಪಟ್ಟಿ ಮಾಡುವುದು, ಹಬ್ಬವನ್ನು ಏಕೆ, ಹೇಗೆ ಮಾಡುತ್ತಾರೆಂದು ಒಂದು ಹಾಳೆ ಬರೆಯುವುದು, ಆಮೇಲೆ ಫೋನು ಎತ್ತುವುದು.

ಮೇಲಧಿಕಾರಿ ಪದ್ಮನಾಭ ಸರ್. ರೈಲ್ವೆಯಲ್ಲಿ ಬೋಗಿಗಳ ತಪಾಸಣೆ ಮಾಡಿ ನಿವೃತ್ತರಾದವರು. ಮೂರು ತಲೆಮಾರಿನಿಂದ ಪೆರಂಬೂರಿನಲ್ಲೇ ಬೇರುಬಿಟ್ಟ ಕನ್ನಡದ ಮನೆ ಅವರದು; ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಹಿಡಿಯುತ್ತಿದ್ದವರು ನಮ್ಮಲ್ಲಿ ತೆಂಗಿನಕಾಯಿ ತಟ್ಟುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿಸಿದರೆ ಮಾತ್ರ ಪಾಸು.

ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಆ ಓದಿನ ಬಿಸಿ ಆರದಿದ್ದ ಕಾಲ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬರೆದ ಮೊದಲ ಹಾಳೆ ಮೂರು ಪುಟವಾಯಿತು. ಆತ್ಮ, ಕರ್ಮ, ಪುನರ್ಜನ್ಮ, ಒಂದೇ ಸತ್ಯಕ್ಕೆ ಹಲವು ರೂಪ, ಕೊನೆಗೆ ಮೋಕ್ಷ. ಪದ್ಮನಾಭ ಸರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಎನ್ನಮ್ಮಾ ಇದು?"

"ಚೆನ್ನಾಗಿಲ್ವಾ ಸರ್?"

"ಸೂಪರಾ ಇದೆ. ಮೋಕ್ಷ ಎಲ್ಲಾ ಬಂದುಬಿಟ್ಟಿದೆ. ಆದ್ರೆ ಕಲಶದ ಮೇಲೆ ಕಾಯಿ ಇಡುವಾಗ ಜುಟ್ಟು ಮೇಲಾ ಕೆಳಗಾ, ಅದು ಎಲ್ಲಮ್ಮಾ? ಬೆಳಿಗ್ಗೆ ಆರು ಗಂಟೆಗೆ ಒಂದು ಹುಡುಗಿ ಕಾಯಿ ಕೈಲಿ ಹಿಡಿದು ನಿಂತಿರ್ತಾಳೆ. ಅವಳಿಗೆ ಮೋಕ್ಷ ಮಧ್ಯಾಹ್ನದ ಮೇಲೆ ಕೊಟ್ಟರೂ ಪೋದುಂ, ಸಾಕು."

ಅವತ್ತು ಮುಖ ಊದಿಸಿಕೊಂಡೇ ತಿದ್ದಿದೆ. ಮೂರು ಪುಟ ಒಂದಾಯಿತು. ಜುಟ್ಟು ಮೇಲೆ ಬಂತು.

ಹಬ್ಬದ ವಾರ ಬಂದಾಗ ಅವರ ಮಾತು ನಿಜವೆಂದು ಗೊತ್ತಾಯಿತು. ಫೋನಿನಲ್ಲಿ ಯಾರೂ ಆತ್ಮದ ಬಗ್ಗೆ ಕೇಳಲಿಲ್ಲ. ಒಬ್ಬ ಇಂಜಿನಿಯರು ಅಳುವ ದನಿಯಲ್ಲಿ, "ಮೇಡಂ, ಮಂಗಳಾರತಿ ಟೈಮಲ್ಲೇ ದೀಪ ಹೋಗ್ಬಿಡ್ತು. ಏನಾದ್ರೂ ಕೆಟ್ಟದಾಗುತ್ತಾ?" ಎಂದರು.

"ಫ್ಯಾನ್ ಹಾಕಿದ್ದೀರಾ?"

"ಹಾಕಿದೀನಿ."

"ಆಫ್ ಮಾಡಿ, ಮತ್ತೆ ಹಚ್ಚಿ."

ಇನ್ನೊಂದು ಮನೆಯಲ್ಲಿ ಏಳು ವರ್ಷದ ಮಗಳು ಅಮ್ಮನ ತಲೆ ತಿಂದಿದ್ದಳು: ಗಣಪತಿ, ಲಕ್ಷ್ಮಿ, ಶಿವ, ಮುರುಗನ್, ಒಟ್ಟು ಸ್ವಾಮಿ ಎಷ್ಟು ಜನ? ಅಮ್ಮ ಸೋತು ಫೋನನ್ನು ಅವಳ ಕೈಗೇ ಕೊಟ್ಟರು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ಅಮ್ಮ ನಿನ್ನನ್ನು ಏನಂತ ಕರೀತಾರೆ ಎಂದೆ. ಚಿನ್ನು. ಸ್ಕೂಲಿನಲ್ಲಿ? ಸಹನಾ. ಅಜ್ಜಿ? ಪುಟ್ಟಿ. "ಹಾಗಾದರೆ ನೀವು ಎಷ್ಟು ಜನ?" ಒಂದು ನಿಮಿಷ ಯೋಚಿಸಿ, ತಾನು ಒಬ್ಬಳೇ ಎಂದಳು. ಮರುಕ್ಷಣವೇ, "ಹಾಗಾದ್ರೆ ಸ್ವಾಮಿಗೆ ಅಷ್ಟೊಂದು ಪ್ರೀತಿಯ ಹೆಸರಾ?" ಎಂದು ಕೇಳಿದಳು. ನನ್ನ ಮೂರು ಪುಟದಲ್ಲಿ ಆ ವಾಕ್ಯ ಇರಲಿಲ್ಲ.

ಆದರೆ ಏಳು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು, "ನಮ್ಮನೇಲಿ ಹಾಗಿಲ್ಲ." ಒಂದು ಮನೆಯಲ್ಲಿ ಅರಿಶಿನದ ಗೌರಿ, ಇನ್ನೊಂದರಲ್ಲಿ ಮಣ್ಣಿನ ಗೌರಿ, ಪಕ್ಕದ ಮನೆಯಲ್ಲಿ ಬರೀ ಕಲಶ. ಒಬ್ಬರಲ್ಲಿ ಕಡುಬು ಆಗಲೇಬೇಕು, ಮತ್ತೊಬ್ಬರಲ್ಲಿ ಆ ದಿನ ಹಬೆಯಲ್ಲಿ ಏನನ್ನೂ ಬೇಯಿಸುವಂತಿಲ್ಲ. ಇದನ್ನು ಗೊಂದಲ ಎಂದುಕೊಳ್ಳುವವರು ಈ ಕೆಲಸಕ್ಕೆ ಬರಬಾರದು. ನಾನು ಮೊದಮೊದಲು ಹಾಗೆಯೇ ಅಂದುಕೊಂಡಿದ್ದೆ. ಅದನ್ನೆಲ್ಲ ಒಂದು ದಾರಿಗೆ ತರಲು ಹೊರಟಿದ್ದೆ. ನೀವು ಈಗ ನೋಡುವ ಹಾಳೆಯ ಕೊನೆಯಲ್ಲಿ "ನಿಮ್ಮ ಮನೆಯ ಪದ್ಧತಿ" ಎಂಬ ತಲೆಬರಹದ ಕೆಳಗೆ ಐದು ಖಾಲಿ ಗೆರೆಗಳಿವೆಯಲ್ಲ, ಅವು ಮೂರನೆಯ ವರ್ಷ ನಾನು ಮಾಡಿದ ಒಂದು ತಪ್ಪಿನಿಂದ ಬಂದವು. ಈಗ ವಿಡಿಯೊ ಬಂದಿದೆ, ಅರ್ಧ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸುತ್ತದೆ. ಆ ಐದು ಗೆರೆಗಳನ್ನು ಮಾತ್ರ ತೆಗೆಯಬೇಡಿ.

ಗೌರಿ ಹಬ್ಬ ಚೆನ್ನೈಗೆ ಅಷ್ಟಾಗಿ ಗೊತ್ತಿಲ್ಲ. ಮಾರನೆಯ ದಿನದ ಗಣೇಶನಿಗೆ ಊರೇ ಸಿದ್ಧವಾಗಿರುತ್ತದೆ, ಅವನ ಅಮ್ಮನಿಗೆ ಮಾತ್ರ ಬೀದಿಯಲ್ಲಿ ಒಂದು ಜೊತೆ ಮೊರವೂ ಸಿಗುವುದಿಲ್ಲ. ಹಾಗಾಗಿ ನಮ್ಮ ಗೌರಿ ಪೆಟ್ಟಿಗೆಗೆ ಬೇಡಿಕೆಯಿತ್ತು: ಬಾಗಿನದ ಮೊರ, ಬಳೆ, ಬಿಚ್ಚೋಲೆ, ಹದಿನಾರು ಗಂಟಿನ ದಾರ, ಕಾಯಿ, ಒಂದು ಸಣ್ಣ ಮಣ್ಣಿನ ಗೌರಿ. ಹಬ್ಬಕ್ಕೆ ಒಂದು ತಿಂಗಳು ಮೊದಲೇ ಕಳುಹಿಸುತ್ತಿದ್ದೆವು. ಆ ವರ್ಷದ ಹಾಳೆಯನ್ನು ನಾನು ಹೀಗೆ ಮುಗಿಸಿದ್ದೆ: "ಗೌರಿ ಎಲ್ಲ ಮನೆಗೂ ಬರುವ ಮಗಳು. ಪ್ರತಿ ಮನೆಯಲ್ಲೂ ಈ ಹಬ್ಬವನ್ನು ಮಾಡಲೇಬೇಕು. ಬಾಗಿಲಿಗೆ ಬಂದ ಗೌರಿಯನ್ನು ಹಿಂದಕ್ಕೆ ಕಳುಹಿಸಬಾರದು." ಬರೆದು ಎರಡು ಸಲ ಓದಿಕೊಂಡಿದ್ದೆ, ಖುಷಿಗೆ.

ಪೆಟ್ಟಿಗೆಗಳು ಹೋದ ಮೂರನೆಯ ದಿನ ಮಾಧವರಂನಿಂದ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಈ ಹಾಳೆ ಬರ್ದೋರು ಯಾರು?"

"ನಾನೇ ಅಮ್ಮ, ಹೇಳಿ."

"ಮದುವೆ ಆಗಿದೆಯೇನಮ್ಮಾ ನಿಂಗೆ?"

"ಅದು ಇಲ್ಲಿ ಬೇಡ ಅಮ್ಮ."

"ಬೇಕು ಕಣಮ್ಮ. ಅತ್ತೆ ಅನ್ನೋಳು ಒಬ್ಬಳು ತಲೆ ಮೇಲೆ ಇದ್ದಿದ್ರೆ 'ಮಾಡಲೇಬೇಕು' ಅಂತ ಬರೀತಿರ್ಲಿಲ್ಲ ನೀನು. ನಮ್ಮನೇಲಿ ಗೌರಿ ಹಬ್ಬ ನಿಂತುಹೋಗಿದೆ. ನಮ್ಮ ಸೊಸೆಗೆ ಗೊತ್ತಿಲ್ಲ, ತರ್ಸಿಬಿಟ್ಟಿದಾಳೆ. ಇಟ್ಕೊಳ್ಳೋ ಹಾಗಿಲ್ಲ. ಹೋಗ್ಲಿ ವಾಪಸ್ ಕಳಿಸೋಣ ಅಂದ್ರೆ, ಕಳಿಸಬಾರದು ಅಂತ ನೀನೇ ಬರ್ದಿದೀಯ. ಈಗ ನಾನೇನು ಮಾಡ್ಲಿ, ಹೇಳು."

ವಿಳಾಸ ಬರೆದುಕೊಂಡು ಪದ್ಮನಾಭ ಸರ್ ಬಳಿ ಹೋದೆ. ಅವರು ಬೈಯಲಿಲ್ಲ. "ಬೋಗಿ ಹಳಿ ತಪ್ಪಿದ್ರೆ ಫೋನಲ್ಲಿ ಎತ್ತೋಕಾಗಲ್ಲಮ್ಮಾ. ನೇರಾ ಹೋಗಿ ನೋಡಬೇಕು. ಶನಿವಾರ ಹೋಗೋಣ, ನೀನೂ ವಾ" ಎಂದರು.

ಮಾಧವರಂನ ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿ. ನನಗೆ ಫೋನು ಮಾಡಿದವರು ರಂಗಮ್ಮ. ಅವರ ಗಂಡ ನಂಜುಂಡಯ್ಯ, ಮೈಸೂರು ಕಡೆ ಬಸ್ ಕಂಡಕ್ಟರ್ ಆಗಿದ್ದವರು. ಮಗ ಗಣೇಶ ಬ್ಯಾಂಕಿನಲ್ಲಿದ್ದ. ಸೊಸೆ ವಿದ್ಯಾ ವಿಮೆ ಕಚೇರಿಯಲ್ಲಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಲಿನಲ್ಲಿ ನಾಲ್ಕು ಕುರ್ಚಿ. ಒಂದರ ಮೇಲೆ ನಮ್ಮ ಪೆಟ್ಟಿಗೆ ಕೂತಿತ್ತು, ಮೇಲೆ ಹೊಸ ರವಿಕೆ ಬಟ್ಟೆ ಹೊದಿಸಿತ್ತು.

"ದೇವರ ಮನೇಲಿಟ್ರೆ ಕೂರಿಸಿದ ಹಾಗಾಗುತ್ತೆ. ಕೆಳಗಿಟ್ರೆ ಅವಮಾನ. ಅದಕ್ಕೇ ನೆಂಟರ ಥರ ಕುರ್ಚೀಲಿ ಕೂರ್ಸಿದೀವಿ" ಎಂದರು ರಂಗಮ್ಮ. ನಾವಿಬ್ಬರೂ ರಂಗಮ್ಮನವರೂ ಉಳಿದ ಕುರ್ಚಿಗಳಲ್ಲಿ ಕೂತೆವು. ನಂಜುಂಡಯ್ಯ ನೆಲದ ಮೇಲೆ ಪೇಪರು ಹಾಸಿಕೊಂಡರು. ವಿದ್ಯಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ವಿಷಯ ಇಷ್ಟು. ರಂಗಮ್ಮನವರ ಮದುವೆಗೆ ಎರಡು ವರ್ಷ ಮೊದಲು ನಂಜುಂಡಯ್ಯನವರ ಅಕ್ಕ ಗೌರಿ ಹಬ್ಬದಂದು ತೀರಿಕೊಂಡಿದ್ದರು. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಎಂದಾದರೂ ಅದೇ ಹಬ್ಬದ ದಿನ ಆ ಮನೆಯಲ್ಲಿ ಮಗು ಹುಟ್ಟಿದರೆ, ಇಲ್ಲವೇ ಮನೆಯ ಹಸು ಕರು ಹಾಕಿದರೆ, ಹಬ್ಬ ಮತ್ತೆ ಶುರುವಾಗುತ್ತದೆ. ಸಾವು ಮುಚ್ಚಿದ ಬಾಗಿಲನ್ನು ಹುಟ್ಟೇ ತೆಗೆಯಬೇಕು. ಎಷ್ಟೋ ಮನೆಗಳಲ್ಲಿ ಈ ನಂಬಿಕೆ ಇದೆ. ನಾನು ಕಲಿತ ಯಾವ ಪಠ್ಯದಲ್ಲೂ ಇರಲಿಲ್ಲ.

"ನಮ್ಮ ತವರಲ್ಲಿ ಗೌರಿ ಅಂದ್ರೆ ಏನಂದ್ಕೊಂಡೆ?" ಎಂದರು ರಂಗಮ್ಮ. "ಹದಿನಾರು ಬಾಗಿನ ಕಟ್ತಿದ್ವಿ. ಮದುವೆಯಾಗಿ ಈ ಮನೆಗೆ ಬಂದೆ, ಮುಗೀತು. ಒಂದು ಸಲವೂ ನನ್ನ ಕೈಯ್ಯಾರೆ ಗೌರಿ ಕೂರ್ಸಿಲ್ಲ. ಹಬ್ಬದ ದಿನ ಕಿಟಕಿ ಹಾಕ್ಕೊಂಡು ಕೂತಿರ್ತೀನಿ, ಪಕ್ಕದ ಮನೆ ಬಳೆ ಸದ್ದು ಕೇಳಬಾರದು ಅಂತ."

"ನಂಗೆ ಯಾರೂ ಹೇಳಿರ್ಲಿಲ್ಲ ಅತ್ತೆ" ಎಂದಳು ವಿದ್ಯಾ, ಮೆಲ್ಲಗೆ. "ನಿಮಗೆ ಖುಷಿಯಾಗುತ್ತೆ ಅಂತ ತರ್ಸಿದೆ."

ರಂಗಮ್ಮ ಅವಳ ಕಡೆ ನೋಡಲಿಲ್ಲ. ಪೆಟ್ಟಿಗೆ ಬಂದ ದಿನದಿಂದ ಆ ಮನೆಯಲ್ಲಿ ಅತ್ತೆ ಸೊಸೆಯ ಮಾತು ನಿಂತಿತ್ತು. ನನ್ನ ಎರಡು ವಾಕ್ಯಗಳ ಕೆಲಸ.

ಪದ್ಮನಾಭ ಸರ್ ಕಾಫಿ ಲೋಟ ಕೆಳಗಿಟ್ಟರು. "ಹಸು ಕರು ಹಾಕಿದ್ರೂ ನಡೆಯುತ್ತಾ?"

"ನಡೆಯುತ್ತೆ. ನಾಲ್ಕನೇ ಮಹಡೀಲಿ ಹಸು ಎಲ್ಲಿಂದ ತರ್ಲಿ ಸ್ವಾಮಿ? ಲಿಫ್ಟಲ್ಲಾ?"

"ಮಾಧವರಂ ಬಂದು ಹಸು ಇಲ್ಲ ಅಂತೀರಲ್ಲ" ಎಂದರು ಸರ್. ಅಲ್ಲಿಯ ದೊಡ್ಡ ಹಾಲಿನ ಡೈರಿಯ ಆಚೆ ಅವರಿಗೆ ಗೊತ್ತಿದ್ದ ಸೆಲ್ವಿ ಎಂಬ ಹೆಂಗಸು ಹಸು ಸಾಕಿದ್ದಳು. ಒಂದು ಹಸು ತುಂಬು ಗಬ್ಬ. ಸೆಲ್ವಿಯ ಲೆಕ್ಕದ ಪ್ರಕಾರ ಗಣೇಶನ ಹಬ್ಬದ ಆಸುಪಾಸಿನಲ್ಲೇ ಕರು.

ರಂಗಮ್ಮ ಒಂದು ದಿನ ಪೂರ್ತಿ ಯೋಚಿಸಿ ಷರತ್ತು ಹೇಳಿದರು. ನಮ್ಮ ಕೈಯ ಮೇವು ತಿಂದ ಹಸು ನಮ್ಮ ಮನೆಯ ಹಸುವೇ. ಮಾರನೆಯ ಬೆಳಿಗ್ಗೆಯಿಂದ ಗಂಡ ಹೆಂಡತಿ ಒಂದು ಬಕೆಟ್ ಕಲಗಚ್ಚು, ಒಂದು ಚೀಲ ಬಾಳೆಹಣ್ಣಿನ ಸಿಪ್ಪೆ ಹೊತ್ತು ಸೆಲ್ವಿಯ ಕೊಟ್ಟಿಗೆಗೆ ಹೋಗತೊಡಗಿದರು. ಅಪಾರ್ಟ್‌ಮೆಂಟಿನ ಹದಿನೆಂಟು ಮನೆಗಳಿಂದ ಸಿಪ್ಪೆ ವಸೂಲಾಗುತ್ತಿತ್ತು. ಆ ಕೆಲಸವನ್ನು ಕೇಳದೆಯೇ ವಿದ್ಯಾ ವಹಿಸಿಕೊಂಡಳು. ಸೆಲ್ವಿ ಹಸುವನ್ನು ಲಕ್ಷ್ಮಿ ಎನ್ನುತ್ತಿದ್ದಳು, ರಂಗಮ್ಮ ಗಂಗೆ ಎನ್ನುತ್ತಿದ್ದರು. ಹಸು ಎರಡಕ್ಕೂ ತಿರುಗುತ್ತಿರಲಿಲ್ಲ.

ನಾನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಪದ್ಮನಾಭ ಸರ್ ಮಾತ್ರ ದಿನವೂ ನನ್ನ ಮೇಜಿಗೆ ಬಂದು, "ಅರೈವಲ್ ಯಾವಾಗಮ್ಮಾ?" ಎನ್ನುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಫೋನಿನ ಹಿಂದೆ ಅತ್ತೆ ಸೊಸೆ ಮಾತಾಡಿಕೊಳ್ಳುವುದು ಕೇಳಿಸತೊಡಗಿತು. ಬರೀ ಹಸುವಿನ ವಿಷಯ. "ವಿದ್ಯಾ, ನಿನ್ನೆ ಕಾಲು ಎತ್ತಿಡ್ತಿತ್ತಾ?" "ಇಲ್ಲ ಅತ್ತೆ, ಸೆಲ್ವಿ ಇನ್ನೂ ಟೈಮಿದೆ ಅಂದ್ಲು." ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಹಬ್ಬಕ್ಕೆ ಎರಡು ದಿನವಿದ್ದಾಗ ಪದ್ಮನಾಭ ಸರ್ ಮುಖ ಸಪ್ಪೆ ಮಾಡಿಕೊಂಡು ಬಂದರು.

"ಬಿಫೋರ್ ಟೈಮ್ ಅಮ್ಮಾ. ಬೆಳಿಗ್ಗೆ ಎಂಟಕ್ಕೆ ಕರು ಹಾಕಿಬಿಡ್ತು. ನನ್ನ ಸರ್ವೀಸ್ ಪೂರ್ತಿ ಬಿಫೋರ್ ಟೈಮ್ ಬಂದ ರೈಲು ವಂಡಿ ನೋಡೇ ಇಲ್ಲ. ಇವತ್ತು ನೋಡಿದೆ."

ರಜೆ ಹಾಕಿ ಒಬ್ಬಳೇ ಮಾಧವರಂಗೆ ಹೋದೆ. ಪೆಟ್ಟಿಗೆಯನ್ನು ನಾನೇ ವಾಪಸು ತರುವುದೆಂದು ನಿರ್ಧರಿಸಿದ್ದೆ. ತಪ್ಪು ಬರೆದವಳೇ ಹೊರಬೇಕು. ರಂಗಮ್ಮ ಒಪ್ಪಿದ್ದರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು, ಒಂದು ಹಿಡಿ ಅಕ್ಕಿ ಇಟ್ಟುಕೊಂಡು ಕುರ್ಚಿಯ ಮುಂದೆ ನಿಂತಿದ್ದರು. ಹಸುವಿಗಾಗಿ ಹಾಕಿಟ್ಟಿದ್ದ ಸಿಪ್ಪೆಯ ಚೀಲ ಮೂಲೆಯಲ್ಲಿತ್ತು. ವಿದ್ಯಾ ಕೂಡ ರಜೆ ಹಾಕಿದ್ದಳು. ಅವಳ ಕಣ್ಣು ಕೆಂಪಗಿತ್ತು.

"ಅಳಬೇಡ ಕಣೇ" ಎಂದರು ರಂಗಮ್ಮ, ಮೊದಲ ಬಾರಿಗೆ ನನ್ನೆದುರು ಅವಳತ್ತ ತಿರುಗಿ. "ಈ ಮನೇಲಿ ಹುಟ್ಟೋರ ಹಣೆಬರಹವೇ ಇಷ್ಟು. ಹಸು ಎರಡು ದಿನ ಅವಸರ ಮಾಡ್ತು. ನಿನ್ನ ಗಂಡ ಒಂದು ದಿನ ತಡ ಮಾಡ್ದ."

"ಏನಂದ್ರಿ ಅಮ್ಮ?" ಎಂದೆ.

"ನಮ್ಮ ಗಣೇಶ. ಗೌರಿ ದಿನ ಬೆಳಿಗ್ಗೆಯಿಂದ ನೋವು ತಿಂದೆ. ಇವತ್ತೇ ಹುಟ್ಲಪ್ಪ, ಹಬ್ಬ ಬಿಡುಗಡೆ ಆಗ್ಲಿ ಅಂತ ಎಷ್ಟು ಬೇಡ್ಕೊಂಡೆ. ಆ ದಿನ ಕಳೆದುಹೋಯ್ತು. ಗಣಪತಿ ಹಬ್ಬದ ದಿನ ಹುಟ್ಟಿದ. ಅದಕ್ಕೇ ಆ ಹೆಸರು. ಚಿಕ್ಕವನಿದ್ದಾಗಿಂದ ತಡ ಮಾಡಿದಾಗೆಲ್ಲ ಬೈತೀನಿ, ಹುಟ್ಟೋವಾಗ್ಲೂ ತಡ ಮಾಡಿದೋನು ನೀನು ಅಂತ."

"ಎಷ್ಟು ಗಂಟೆಗೆ ಹುಟ್ಟಿದ್ದು?"

"ಬೆಳಗಿನ ಜಾವ."

"ಅಂದರೆ ಎಷ್ಟು ಗಂಟೆಗೆ ಅಮ್ಮ?"

ಉತ್ತರ ನೆಲದಿಂದ, ಬಿಚ್ಚಿದ ಪೇಪರಿನ ಹಿಂದಿನಿಂದ ಬಂತು. "ನಾಲ್ಕೂಕಾಲು" ಎಂದರು ನಂಜುಂಡಯ್ಯ. "ಆಸ್ಪತ್ರೆ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ. ಐದು ಗಂಟೆ ಫಸ್ಟ್ ಬಸ್ ಇನ್ನೂ ಸ್ಟಾರ್ಟ್ ಮಾಡಿರ್ಲಿಲ್ಲ. ಕತ್ತಲೆ."

ಜಾತಕ ಇದೆಯೇ ಎಂದು ಕೇಳಿದೆ. ವಿದ್ಯಾ ಬೀರುವಿನಿಂದ ಎರಡು ಕಾಗದ ತಂದಳು. ಆಸ್ಪತ್ರೆಯ ಪತ್ರದಲ್ಲಿದ್ದ ತಾರೀಕು ಬುಧವಾರದ್ದು. ಜಾತಕದಲ್ಲಿ ಮಂಗಳವಾರ ಎಂದಿತ್ತು. ಮೊಬೈಲಿನಲ್ಲಿ ಆ ವರ್ಷದ ಪಂಚಾಂಗ ತೆಗೆದೆ. ಗೌರಿ ಹಬ್ಬ ಮಂಗಳವಾರ, ಗಣೇಶನ ಹಬ್ಬ ಬುಧವಾರ. ಎರಡು ಸಲ ನೋಡಿದೆ, ಮೂರನೆಯ ಸಲ ವಿದ್ಯಾಳಿಗೆ ತೋರಿಸಿದೆ.

"ಜಾತಕದಲ್ಲಿ ತಪ್ಪು ಬರ್ದಿದಾರಾ?" ಎಂದಳು.

"ಇಲ್ಲ" ಎಂದೆ. ನಿಧಾನವಾಗಿ, ಒಂದೊಂದೇ ಮಾತು ಹೇಳಿದೆ. ಆಸ್ಪತ್ರೆಯ ದಿನ ನಡುರಾತ್ರಿಗೆ ಬದಲಾಗುತ್ತದೆ. ನಮ್ಮ ದಿನ ಸೂರ್ಯ ಹುಟ್ಟಿದಾಗ ಬದಲಾಗುತ್ತದೆ. ತಿಥಿ ಬೇರೆ, ಅದು ಯಾವ ಹೊತ್ತಿಗೂ ಬದಲಾಗಬಹುದು. ಮಗು ಹುಟ್ಟುವ ಹೊತ್ತಿಗೆ ತಿಥಿ ಚೌತಿಗೆ ಬಂದಿತ್ತು, ಜಾತಕದಲ್ಲೂ ಹಾಗೇ ಇದೆ. ಆದರೆ ಬುಧವಾರದ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಗೌರಿ ಹಬ್ಬದ ದಿನ ಇನ್ನೂ ನಡೆಯುತ್ತಿತ್ತು. "ಇದು ಲೆಕ್ಕ. ನಿಮ್ಮ ಮನೆಗೆ ಇದು ಸಾಕೋ ಇಲ್ಲವೋ ನಾನು ಹೇಳಲಾರೆ" ಎಂದೆ. ಇನ್ನೊಂದು ಸಲ "ಮಾಡಲೇಬೇಕು" ಎನ್ನುವ ಧೈರ್ಯ ನನಗಿರಲಿಲ್ಲ.

ರಂಗಮ್ಮ ಗಂಡನ ಮುಖ ನೋಡಿದರು. ಹೋದದ್ದು ಅವರ ಅಕ್ಕ. ಮಾತು ಅವರದೇ ಆಗಬೇಕು. ನಂಜುಂಡಯ್ಯ ಪೇಪರನ್ನು ನಾಲ್ಕಾಗಿ ಮಡಚಿದರು.

"ನಮ್ಮಕ್ಕ ಹೋಗಿದ್ದೂ ಬೆಳಗಿನ ಜಾವವೇ" ಎಂದರು. "ಕೋಳಿ ಕೂಗಿರ್ಲಿಲ್ಲ. ಗಣಪತಿ ಹಬ್ಬ ನಿಲ್ಲಿಸ್ಬೇಕಾ, ಗೌರಿ ನಿಲ್ಲಿಸ್ಬೇಕಾ ಅಂತ ಮಾತು ಬಂತು. ಬೆಳಕು ಹರಿದಿಲ್ಲ, ಇನ್ನೂ ಗೌರಿ ದಿನವೇ ಅಂತ ನಮ್ಮಪ್ಪನೇ ಹೇಳಿದ್ದು. ನಾನು ಅಲ್ಲೇ ಇದ್ದೆ. ಅಕ್ಕನಿಗೆ ಹಿಡಿದ ಲೆಕ್ಕವನ್ನೇ ಮಗನಿಗೂ ಹಿಡೀಬೇಕು. ಹೋಗೋರಿಗೆ ಒಂದು ದಿನ, ಬರೋರಿಗೆ ಒಂದು ದಿನ ಅಂತ ಇರುತ್ತಾ?"

"ಹಂಗಾದ್ರೆ," ಎಂದರು ರಂಗಮ್ಮ, "ಇಷ್ಟು ವರ್ಷ..."

"ಮಾಡಬಹುದಿತ್ತು ಕಣೇ."

ರಂಗಮ್ಮ ತಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಾರೆ ಎಂದುಕೊಂಡೆ. ಅವರು ಕುರ್ಚಿಯ ಮೇಲಿದ್ದ ಪೆಟ್ಟಿಗೆಯನ್ನೇ ನೋಡುತ್ತ, ಗೌರಿಗೋ ತಮಗೋ, "ಚೆನ್ನಾಗಿ ಕಾಯ್ಸಿದೆ ನಾನು" ಎಂದು ನಕ್ಕರು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಎದ್ದರು.

"ವಿದ್ಯಾ, ಬಾರೇ ಇಲ್ಲಿ. ಪೆಟ್ಟಿಗೆ ಬಿಚ್ಚು. ತರ್ಸಿದೋಳು ನೀನು, ನೀನೇ ಬಿಚ್ಚು. ಅದಕ್ಕೂ ಮುಂಚೆ ನಿನ್ನ ಗಂಡನಿಗೆ ಫೋನು ಮಾಡು."

ಫೋನು ಸ್ಪೀಕರಿನಲ್ಲಿತ್ತು. ಹಿಂದೆ ಬ್ಯಾಂಕಿನ ಗದ್ದಲ.

"ಅಮ್ಮಾ, ಕೌಂಟರಲ್ಲಿ ಜನ ಇದ್ದಾರೆ, ಆಮೇಲೆ..."

"ಇರ್ಲಿ. ನೀನು ತಡ ಮಾಡಿರ್ಲಿಲ್ಲ ಕಣೋ. ಸರಿಯಾದ ಹೊತ್ತಿಗೇ ಹುಟ್ಟಿದ್ದೆ. ನಾವೇ ನೋಡ್ಕೊಂಡಿರ್ಲಿಲ್ಲ."

"ಸರಿ ಅಮ್ಮ" ಎಂದ ಗಣೇಶ, ಏನೂ ಅರ್ಥವಾಗದೆ. "ಈಗ ನಾನೇನು ಮಾಡ್ಬೇಕು?"

"ಬರ್ತಾ ಎರಡು ಬಾಳೆಕಂದು ತಗೊಂಡು ಬಾ" ಎಂದರು ರಂಗಮ್ಮ. "ಎತ್ತರದ್ದು ನೋಡಿ ತಗೋ."